ಟೊರಾಂಟೊದಿಂದ ವ್ಯಾಂಕೂವರ್‌ವರೆಗೆ ಚಳಿಗಾಲದ ರೈಲು: ದಂಪತಿಗಳಿಗೊಂದು ಮಾರ್ಗದರ್ಶಿ

ಮಕ್ಕಳು ಟೊರಾಂಟೊ, ಮಿಸ್ಸಿಸಾಗಾ, ಬ್ರ್ಯಾಂಪ್ಟನ್ ಕಡೆ ನೆಲೆಸಿದ್ದರೆ ಊರಿನಿಂದ ಆರು ತಿಂಗಳಿಗೆಂದು ಹೋಗುವ ಅಪ್ಪ-ಅಮ್ಮಂದಿರು ಸಾಮಾನ್ಯವಾಗಿ ನಯಾಗರಾ ನೋಡಿ ವಾಪಸಾಗುತ್ತಾರೆ. ಕೆನಡಾ ದೇಶದ ಅಗಲ ಎಷ್ಟು ಎಂಬುದು ತಿಳಿಯಬೇಕಾದರೆ ಅಲ್ಲಿನ ಪ್ರಯಾಣಿಕ ರೈಲು ಸಂಸ್ಥೆ ವಿಯಾ ರೈಲ್‌ನ 'ದಿ ಕೆನಡಿಯನ್' ರೈಲು ಹತ್ತಬೇಕು. ಟೊರಾಂಟೊದ ಯೂನಿಯನ್ ಸ್ಟೇಷನ್ನಿನಿಂದ ಪೆಸಿಫಿಕ್ ತೀರದ ವ್ಯಾಂಕೂವರ್‌ಗೆ 4,466 ಕಿ.ಮೀ., ನಾಲ್ಕು ರಾತ್ರಿ. ನಮ್ಮಲ್ಲಿ ದಿಬ್ರುಗಢ–ಕನ್ಯಾಕುಮಾರಿ ವಿವೇಕ್ ಎಕ್ಸ್‌ಪ್ರೆಸ್ ಓಡುವುದು ಸುಮಾರು 4,200 ಕಿ.ಮೀ. ದೂರ ಹೆಚ್ಚುಕಡಿಮೆ ಅಷ್ಟೇ ಆದರೂ ಸಿದ್ಧತೆ ಬೇರೆ. ಇಲ್ಲಿ ಅರ್ಧ ಗಂಟೆಗೊಂದು ಸ್ಟೇಷನ್ ಬರುವುದಿಲ್ಲ, ಕಿಟಕಿಗೆ ಚಹಾ ಬರುವುದಿಲ್ಲ, ಗಂಟೆಗಟ್ಟಲೆ ಕಾಡು ಮತ್ತು ಹೆಪ್ಪುಗಟ್ಟಿದ ಕೆರೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಹತ್ತುವ ಮೊದಲು ಮಾಡಿಕೊಳ್ಳದ ವ್ಯವಸ್ಥೆಯನ್ನು ದಾರಿಯಲ್ಲಿ ಮಾಡಿಕೊಳ್ಳಲು ಆಗುವುದಿಲ್ಲ.

ಈ ರೈಲು ಶುರುವಾಗಿದ್ದು 1955ರ ಏಪ್ರಿಲ್ 24ರಂದು. ಆಗ ಫಿಲಡೆಲ್ಫಿಯಾದ ಬಡ್ ಕಂಪನಿ ಕಟ್ಟಿಕೊಟ್ಟ ಸ್ಟೇನ್‌ಲೆಸ್ ಸ್ಟೀಲ್ ಬೋಗಿಗಳೇ ಒಳಗೆ ನವೀಕರಣಗೊಂಡು ಇವತ್ತಿಗೂ ಓಡುತ್ತಿವೆ. ನೋಡಲು ಚೆಂದ, ಆದರೆ ಓಣಿ ಕಿರಿದು, ಕೊಠಡಿ ಚಿಕ್ಕದು. ಇನ್ನೊಂದು ಮಾತು ಮೊದಲೇ ತಿಳಿದಿರಲಿ: 1990ರಿಂದ ಇದು ಉತ್ತರದ ದಾರಿಯಲ್ಲಿ, ವಿನ್ನಿಪೆಗ್, ಸ್ಯಾಸ್ಕಟೂನ್, ಎಡ್ಮಂಟನ್, ಜಾಸ್ಪರ್ ಮೇಲೆ ಹೋಗುತ್ತದೆ. ದಕ್ಷಿಣದ ಹಳೆಯ ದಾರಿಯ ಬ್ಯಾಂಫ್, ಕ್ಯಾಲ್ಗರಿ ಈ ರೈಲಿನಲ್ಲಿ ಸಿಗುವುದಿಲ್ಲ. ಹಳೆಯ ಪ್ರವಾಸಕಥನ ಓದಿ ಬ್ಯಾಂಫ್ ನೋಡುವ ಆಸೆಯಿಂದ ಟಿಕೆಟ್ ಮಾಡಿಸಬೇಡಿ.

ಯಾವ ತಿಂಗಳು, ಯಾವ ದಿಕ್ಕು

ಬೇಸಿಗೆಯಲ್ಲಿ ಟಿಕೆಟ್ ದುಬಾರಿ, ಮಲಗುವ ಕೊಠಡಿಗಳು ತಿಂಗಳುಗಟ್ಟಲೆ ಮುಂಚೆ ಭರ್ತಿ. ನವೆಂಬರಿನಿಂದ ಏಪ್ರಿಲ್‌ವರೆಗೆ ದರ ಗಣನೀಯವಾಗಿ ಇಳಿಯುತ್ತದೆ. ಹಾಗೆಂದು ಡಿಸೆಂಬರಿನಲ್ಲಿ ಹೋಗುವುದು ಜಾಣತನವಲ್ಲ. ಆ ತಿಂಗಳ ಕೊನೆಯಲ್ಲಿ ಎಡ್ಮಂಟನ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಮುಕ್ಕಾಲು ಒಂಬತ್ತರ ಹೊತ್ತಿಗೆ, ಮುಳುಗುವುದು ಸಂಜೆ ನಾಲ್ಕೂಕಾಲಿಗೆ. ಕೊಟ್ಟ ದುಡ್ಡಿನ ಮುಕ್ಕಾಲು ಪಾಲು ಕತ್ತಲಲ್ಲೇ ಕಳೆದುಹೋಗುತ್ತದೆ. ಫೆಬ್ರವರಿ ಕೊನೆಯಿಂದ ಮಾರ್ಚ್ ಮೂರನೆಯ ವಾರದವರೆಗಿನ ಅವಧಿ ನಮ್ಮ ಆಯ್ಕೆ. ಹಿಮ ಇನ್ನೂ ದಟ್ಟವಾಗಿರುತ್ತದೆ, ದರವೂ ಏರಿರುವುದಿಲ್ಲ, ಹಗಲು ಹನ್ನೊಂದು-ಹನ್ನೆರಡು ಗಂಟೆಗೆ ಬೆಳೆದಿರುತ್ತದೆ.

ದಿಕ್ಕು ಪಶ್ಚಿಮವೇ ಇರಲಿ. ಟೊರಾಂಟೊದಿಂದ ವ್ಯಾಂಕೂವರ್‌ಗೆ ಹೋಗುವಾಗ ಗಡಿಯಾರ ಒಟ್ಟು ಮೂರು ಗಂಟೆ ಹಿಂದಕ್ಕೆ ಹೋಗುತ್ತದೆ. ಅಂದರೆ ಮೂರು ದಿನಗಳಿಗೆ ತಲಾ 25 ಗಂಟೆ. ವಯಸ್ಸಾದವರ ನಿದ್ದೆಗೆ ಇದು ಹಿತ. ಪೂರ್ವಕ್ಕೆ ಬಂದರೆ ಅದೇ ಮೂರು ಗಂಟೆ ಕೈತಪ್ಪಿ, ಬೆಳಗಿನ ತಿಂಡಿಗೆ ಎದ್ದೇಳುವುದೇ ಕಷ್ಟವಾಗುತ್ತದೆ. ಊಟದ ಸಮಯವೆಲ್ಲ ಸ್ಥಳೀಯ ಗಡಿಯಾರದ ಲೆಕ್ಕ. ಬದಲಾದಾಗ ಸಿಬ್ಬಂದಿ ಹೇಳುತ್ತಾರೆ. ಊರಿಗೆ ಫೋನ್ ಮಾಡುವವರಿಗೆ: ಚಳಿಗಾಲದ ಗಡಿಯಾರದಲ್ಲಿ ಟೊರಾಂಟೊ ನಮಗಿಂತ ಹತ್ತೂವರೆ ಗಂಟೆ ಹಿಂದೆ, ವ್ಯಾಂಕೂವರ್ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್ ಎರಡನೆಯ ಭಾನುವಾರ ಅಲ್ಲಿ ಗಡಿಯಾರ ಮುಂದೆ ತಿರುಗಿಸುವುದರಿಂದ ಆಮೇಲೆ ಅಂತರ ಒಂದು ಗಂಟೆ ಕಡಿಮೆ.

ರೈಲು ವಾರಕ್ಕೆ ಎರಡೇ ಸಲ, ಟೊರಾಂಟೊದಿಂದ ಬುಧವಾರ ಮತ್ತು ಭಾನುವಾರ. ಹಾಗಾಗಿ ನಡುವೆ ರಾಕಿ ಪರ್ವತಗಳ ಪಟ್ಟಣವಾದ ಜಾಸ್ಪರ್‌ನಲ್ಲಿ ಇಳಿದು ಉಳಿಯಬೇಕೆಂದರೆ ಮೂರು ದಿನವೋ ನಾಲ್ಕು ದಿನವೋ ಉಳಿಯಲೇಬೇಕು. ಒಂದೇ ರಾತ್ರಿ ಇದ್ದು ಮರುದಿನ ಮುಂದೆ ಹೋಗುವ ಅವಕಾಶವಿಲ್ಲ. 2024ರ ಜುಲೈನ ಕಾಡ್ಗಿಚ್ಚಿನಲ್ಲಿ ಜಾಸ್ಪರ್ ಪಟ್ಟಣದ ಸುಮಾರು ಮೂರನೆಯ ಒಂದು ಭಾಗ ಸುಟ್ಟಿತು. ವಸತಿ ಸಿಗುವುದು ಖಚಿತವಾದ ಮೇಲೆಯೇ ರೈಲಿನ ಟಿಕೆಟ್ ಮಾಡಿ.

ಮಲಗುವ ಜಾಗ

ದಂಪತಿಗಳ ಪಾಲಿಗೆ ಪ್ರಯಾಣ ಸುಖವಾಗುವುದೂ ಕೆಡುವುದೂ ಈ ಒಂದು ನಿರ್ಧಾರದಿಂದ.

ಎಕಾನಮಿ ಎಂದರೆ ಬರೀ ಕುರ್ಚಿ. ಹಿಂದಕ್ಕೆ ಬಾಗುತ್ತದೆ, ಕಾಲಿಗೆ ಆಸರೆ ಇದೆ, ಆದರೆ ನಮ್ಮ ಸ್ಲೀಪರ್ ಕೋಚಿನ ಹಾಗೆ ಕಾಲು ಚಾಚಿ ಮಲಗಲು ಹಲಗೆ ಇಲ್ಲ. ಸ್ನಾನವಿಲ್ಲ, ಊಟ ಸೇರಿಲ್ಲ. ನಾಲ್ಕು ರಾತ್ರಿ ಕೂತೇ ಕಳೆದರೆ ಐವತ್ತು ದಾಟಿದವರ ಕಾಲು ಊದಿಕೊಳ್ಳುತ್ತದೆ. ಒಂದು ರಾತ್ರಿಯ ತುಂಡು ಪ್ರಯಾಣಕ್ಕಾದರೆ ಸರಿ, ಪೂರ್ತಿ ದಾರಿಗೆ ಬೇಡ.

ಸ್ಲೀಪರ್ ಪ್ಲಸ್ ವರ್ಗದಲ್ಲಿ ಮೂರು ಬಗೆ. ಮೊದಲನೆಯದು ಪರದೆಯ ಬರ್ತ್. ಹಗಲು ಎದುರುಬದುರು ಎರಡು ಸೋಫಾ, ರಾತ್ರಿ ಅದೇ ಜಾಗ ಕೆಳಗೊಂದು ಮೇಲೊಂದು ಹಾಸಿಗೆಯಾಗಿ, ಓಣಿಯ ಕಡೆಗೆ ದಪ್ಪ ಪರದೆ. ಕೆಳಗಿನದಕ್ಕೆ ಕಿಟಕಿ ಇದೆ, ಅಗಲವೂ ಹೆಚ್ಚು. ಮೇಲಿನದಕ್ಕೆ ಕಿಟಕಿಯೇ ಇಲ್ಲ. ಇಬ್ಬರೂ ಒಂದೇ ವಿಭಾಗದ ಕೆಳಗಿನ ಮತ್ತು ಮೇಲಿನ ಬರ್ತ್ ತೆಗೆದುಕೊಂಡರೆ ಹಗಲಿನ ಸೋಫಾ ಎರಡೂ ನಿಮ್ಮವೇ ಆಗುತ್ತವೆ. ಕೊಠಡಿಗಿಂತ ಸಾಕಷ್ಟು ಅಗ್ಗ. ಬೇರೆ ಬೇರೆ ವಿಭಾಗದ ಎರಡು ಕೆಳಬರ್ತ್ ಮಾಡಿಸಿದರೆ ಹಗಲಿಡೀ ಅಪರಿಚಿತರ ಎದುರು ಕೂರಬೇಕಾಗುತ್ತದೆ.

ಎರಡನೆಯದು ಒಬ್ಬರ ಕೊಠಡಿ. ಇಬ್ಬರಿಗೂ ಒಂದೊಂದು ಮಾಡಿಸೋಣ ಎಂದು ಕೆಲವರು ಯೋಚಿಸುತ್ತಾರೆ. ಇದರಲ್ಲಿ ಕಮೋಡ್ ಇರುವುದು ಹಾಸಿಗೆ ಬಿಚ್ಚಿಕೊಳ್ಳುವ ಜಾಗದ ಅಡಿಯಲ್ಲಿ. ನಡುರಾತ್ರಿ ಅದು ಬೇಕಾದರೆ ಹಾಸಿಗೆಯನ್ನೇ ಎತ್ತಬೇಕು, ಇಲ್ಲವೇ ಓಣಿಯ ಶೌಚಾಲಯಕ್ಕೆ ಹೋಗಬೇಕು. ರಾತ್ರಿ ಎರಡು-ಮೂರು ಸಲ ಏಳುವವರಿಗೆ ಇದು ಆಗದು.

ಮೂರನೆಯದು ಇಬ್ಬರ ಕೊಠಡಿ. ಬಾಗಿಲು ಹಾಕಿಕೊಳ್ಳಬಹುದು, ಒಳಗೇ ಸಿಂಕ್, ಪ್ರತ್ಯೇಕ ಬಾಗಿಲಿರುವ ಪುಟ್ಟ ಶೌಚಾಲಯ. ಹಗಲು ಎರಡು ಆರಾಮಕುರ್ಚಿ, ರಾತ್ರಿ ಅವನ್ನು ಮಡಚಿಟ್ಟು ಮೇಲೆ-ಕೆಳಗೆ ಎರಡು ಹಾಸಿಗೆ. ಸ್ನಾನಕ್ಕೆ ಮಾತ್ರ ಬೋಗಿಯ ಓಣಿಯಲ್ಲಿರುವ ಶವರ್‌ಗೆ ಹೋಗಬೇಕು. ಕೈಗೆಟುಕಿದರೆ ಇದನ್ನೇ ಮಾಡಿಸಿ. ಡಬಲ್ ಬೆಡ್ ಬೇಕೆಂದರೆ ಪ್ರೆಸ್ಟೀಜ್ ವರ್ಗಕ್ಕೆ ಹೋಗಬೇಕು. ಅದರ ದರ ಹಲವು ಪಟ್ಟು.

ಮೇಲೆ ಯಾರು ಮಲಗುತ್ತಾರೆ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ. ಮೇಲಿನದಕ್ಕೆ ಕಡಿದಾದ ಪುಟ್ಟ ಏಣಿ, ಓಡುವ ರೈಲಿನಲ್ಲಿ ಹತ್ತಿಳಿಯಬೇಕು. ಮಂಡಿನೋವು, ತಲೆಸುತ್ತು, ಸಕ್ಕರೆ ಕಾಯಿಲೆ ಇರುವವರು ಕೆಳಗೇ ಇರಲಿ. ಇಬ್ಬರಿಗೂ ಏಣಿ ಆಗದು ಎಂದಾದರೆ ಎರಡು ಕೆಳಗಿನ ಹಾಸಿಗೆ ಸಿಗುವ ವ್ಯವಸ್ಥೆಯ ಬಗ್ಗೆ ವಿಯಾ ರೈಲಿಗೆ ಫೋನ್ ಮಾಡಿ ಕೇಳಬೇಕು. ಜಾಲತಾಣದಲ್ಲಿ ಗುಂಡಿ ಒತ್ತಿ ಮುಗಿಸುವ ಕೆಲಸ ಅಲ್ಲ ಅದು. ಸೀರೆಯುಟ್ಟು ಏಣಿ ಹತ್ತುವುದು ಅಪಾಯ. ರಾತ್ರಿಗೆ ಸಲ್ವಾರ್ ಅಥವಾ ಪೈಜಾಮ ಇರಲಿ.

ಹಾಸಿಗೆ ಬಿಚ್ಚಿದ ಮೇಲೆ ಕೊಠಡಿಯಲ್ಲಿ ಇಬ್ಬರು ನಿಲ್ಲುವಷ್ಟು ನೆಲ ಉಳಿಯುವುದಿಲ್ಲ. ಸ್ನಾನ, ಬಟ್ಟೆ ಬದಲಾವಣೆ, ಮಾತ್ರೆ ತೆಗೆದಿಡುವುದು ಎಲ್ಲ ರಾತ್ರಿಯೂಟಕ್ಕೆ ಹೊರಡುವ ಮೊದಲೇ ಮುಗಿಸಿ. ನೀವು ಊಟಕ್ಕೆ ಹೋದಾಗ ಬೋಗಿಯ ಅಟೆಂಡೆಂಟ್ ಬಂದು ಹಾಸಿಗೆ ಹಾಕುತ್ತಾರೆ. ಎಷ್ಟು ಹೊತ್ತಿಗೆ ಬೇಕು ಎಂದು ಮೊದಲ ದಿನವೇ ಹೇಳಿಬಿಡಿ.

ತಡವಾಗುವುದು ಏಕೆ

ಈ ರೈಲು ಹೊತ್ತಿಗೆ ಸರಿಯಾಗಿ ತಲುಪುತ್ತದೆ ಎಂದು ನಂಬಿ ಯಾವ ಯೋಜನೆಯನ್ನೂ ಹಾಕಬಾರದು. ಹಳಿಯ ಬಹುಪಾಲು ಸಿ.ಎನ್. ಎಂಬ ಸರಕು ಸಾಗಣೆ ಕಂಪನಿಯದು, ವಿಯಾ ರೈಲ್ ಅದರ ಮೇಲೆ ಬಾಡಿಗೆಗೆ ಓಡುತ್ತದೆ. ದಾರಿಯ ದೊಡ್ಡ ಭಾಗ ಒಂಟಿ ಹಳಿ. ಎದುರಿನಿಂದ ಗೂಡ್ಸ್ ಬಂದರೆ ಒಂದು ರೈಲು ಪಕ್ಕದ ಲೂಪ್‌ಲೈನಿಗೆ ಸರಿದು ನಿಲ್ಲಬೇಕು. ಅಲ್ಲಿನ ಗೂಡ್ಸ್ ಮೂರು ಕಿ.ಮೀ.ಗೂ ಉದ್ದ ಇರುವುದುಂಟು, ಲೂಪ್‌ಲೈನಿನಲ್ಲಿ ಅದು ಹಿಡಿಸುವುದೇ ಇಲ್ಲ. ಹಾಗಾಗಿ ಸರಿಯುವುದು ಪ್ರಯಾಣಿಕರ ರೈಲೇ.

ಚಳಿ ಹೆಚ್ಚಿದಾಗ ಇನ್ನೊಂದು ತೊಂದರೆ. ರೈಲಿನ ಬ್ರೇಕು ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ಉಷ್ಣಾಂಶ ಮೈನಸ್ 25 ಡಿಗ್ರಿಗಿಂತ ಕೆಳಗಿಳಿದರೆ ಬೋಗಿಗಳ ನಡುವಿನ ರಬ್ಬರ್ ಕೊಳವೆಗಳ ಜೋಡಣೆಯಲ್ಲಿ ಗಾಳಿ ಸೋರಿ, ಉದ್ದ ರೈಲಿನ ಕೊನೆಯವರೆಗೆ ಒತ್ತಡ ಉಳಿಯುವುದಿಲ್ಲ. ಆಗ ಗೂಡ್ಸ್ ರೈಲುಗಳನ್ನು ಗಿಡ್ಡ ಮಾಡುತ್ತಾರೆ. ಸರಕು ಅಷ್ಟೇ, ರೈಲುಗಳ ಸಂಖ್ಯೆ ಹೆಚ್ಚು, ಹಳಿಯ ಮೇಲೆ ದಟ್ಟಣೆ ಹೆಚ್ಚು. ಜೊತೆಗೆ ಉಕ್ಕಿನ ಹಳಿ ಚಳಿಗೆ ಕುಗ್ಗಿ ಬಿರುಕುಬಿಟ್ಟರೆ ವೇಗ ಇಳಿಸಬೇಕು. ಕಾಡಿನ ನಡುವೆ ಒಂದು ಗಂಟೆ ಸುಮ್ಮನೆ ನಿಂತರೆ ಗಾಬರಿಪಡುವಂಥದ್ದೇನೂ ಅಲ್ಲ.

ಆದ್ದರಿಂದ ವ್ಯಾಂಕೂವರ್ ತಲುಪುವ ದಿನ ವಿಮಾನ, ಹಡಗು, ಮದುವೆ ಮನೆ ಯಾವುದೂ ಇರಬಾರದು. ತಲುಪಿದ ಮೇಲೆ ಕನಿಷ್ಠ ಒಂದು ರಾತ್ರಿ, ಸಾಧ್ಯವಾದರೆ ಎರಡು ರಾತ್ರಿ ವ್ಯಾಂಕೂವರ್‌ನಲ್ಲೇ ಇರುವಂತೆ ಮುಂದಿನ ಟಿಕೆಟ್ ಮಾಡಿ. ವೇಳಾಪಟ್ಟಿಯಲ್ಲಿ ಬೆಳಿಗ್ಗೆ ಎಂಟು ಎಂದಿದ್ದರೂ ನಡುರಾತ್ರಿ ತಲುಪಿದರೆ ಹೋಗಲು ಹೋಟೆಲ್ ಇರಬೇಕಲ್ಲ? ತಡವಾಗಿ ಬಂದರೂ ಕೊಠಡಿ ಇಟ್ಟಿರಿ ಎಂದು ಹೋಟೆಲಿಗೆ ಮೊದಲೇ ತಿಳಿಸಿ.

ರೈಲು ಈಗ ಎಲ್ಲಿದೆ ಎಂದು ವಿಯಾ ರೈಲ್ ಜಾಲತಾಣದಲ್ಲಿ ನೋಡಬಹುದು. ಇದನ್ನು ಮಕ್ಕಳಿಗೆ ತೋರಿಸಿ ಹೋಗಿ. ಕೆನಡಿಯನ್‌ನಲ್ಲಿ ವೈಫೈ ಇಲ್ಲ, ಉತ್ತರ ಒಂಟಾರಿಯೊದ ಕಾಡಿನಲ್ಲಿ ಫೋನಿಗೆ ಗಂಟೆಗಟ್ಟಲೆ ಸಿಗ್ನಲ್ ಸಿಗುವುದಿಲ್ಲ. ಅಪ್ಪ ಫೋನ್ ಎತ್ತುತ್ತಿಲ್ಲ ಎಂದು ಮನೆಯವರು ಆತಂಕಪಡುವುದು ಇದರಿಂದ ತಪ್ಪುತ್ತದೆ.

ಲಗೇಜು ಎರಡು ಭಾಗ

ಊರಿನಿಂದ ತಂದ ದೊಡ್ಡ ಸೂಟ್‌ಕೇಸ್ ಕೊಠಡಿಯಲ್ಲಿ ಹಿಡಿಸುವುದಿಲ್ಲ. ಅದನ್ನು ಟೊರಾಂಟೊದಲ್ಲಿ ಚೆಕ್-ಇನ್ ಮಾಡಿ. ಒಂದೊಂದರ ತೂಕ 23 ಕೆ.ಜಿ. ಮೀರದಿರಲಿ. ಲಗೇಜು ಒಪ್ಪಿಸಲು ರೈಲು ಹೊರಡುವ ಒಂದು ಗಂಟೆ ಮೊದಲಾದರೂ ಅಲ್ಲಿರಬೇಕು. ಕೊಟ್ಟ ಪೆಟ್ಟಿಗೆ ಕೈಗೆ ಸಿಗುವುದು ವ್ಯಾಂಕೂವರ್‌ನಲ್ಲೇ. ಜೊತೆಗೆ ಇಟ್ಟುಕೊಳ್ಳುವುದು ತಲಾ ಒಂದು ಮೆದು ಚೀಲ, ವಿಮಾನದ ಕ್ಯಾಬಿನ್ ಚೀಲಕ್ಕಿಂತ ಚಿಕ್ಕದಾದಷ್ಟೂ ಒಳ್ಳೆಯದು. ಗಟ್ಟಿ ಪೆಟ್ಟಿಗೆ ಎಲ್ಲಿಟ್ಟರೂ ಕಾಲಿಗೆ ತಾಗುತ್ತದೆ, ಮೆದು ಚೀಲವನ್ನು ಮಡಚಿದ ಕುರ್ಚಿಯ ಪಕ್ಕಕ್ಕೆ ತುರುಕಬಹುದು.

ಆ ಚೀಲದಲ್ಲಿ ಎರಡು ಜೊತೆ ಒಳಬಟ್ಟೆ, ರಾತ್ರಿಯುಡುಪು, ಒಂದು ಜೊತೆ ಥರ್ಮಲ್, ಎಲ್ಲ ಔಷಧಿ, ಪಾಸ್‌ಪೋರ್ಟ್, ವಿಮೆಯ ಕಾಗದ, ಚಾರ್ಜರ್, ಪವರ್‌ಬ್ಯಾಂಕ್, ಒಳಗೆ ಓಡಾಡಲು ಹಿಂಭಾಗ ಮುಚ್ಚಿದ ಚಪ್ಪಲಿ. ಕೆನಡಾದ ಪ್ಲಗ್ ಚಪ್ಪಟೆ ಕಡ್ಡಿಯದು, 120 ವೋಲ್ಟ್. ನಮ್ಮ ಫೋನ್ ಚಾರ್ಜರಿಗೆ ಅಡಾಪ್ಟರ್ ಸಾಕು. ಕೆಟಲ್, ಕುಕ್ಕರ್ ಒಯ್ಯಬೇಡಿ. ಕೊಠಡಿಯಲ್ಲಿ ಅಡುಗೆ ಮಾಡುವಂತಿಲ್ಲ.

ಹೊರಗಿನ ಚಳಿ, ಒಳಗಿನ ಒಣಗಾಳಿ

ಬೋಗಿಯೊಳಗೆ ಚಳಿ ಕಾಡುವುದಿಲ್ಲ. ಹೀಟರ್ ಸದಾ ಉರಿಯುತ್ತದೆ. ನಿಜವಾದ ತೊಂದರೆ ಒಣಗಾಳಿಯದು. ಮೈನಸ್ 30ರ ಗಾಳಿಯಲ್ಲಿ ತೇವಾಂಶ ಅತ್ಯಲ್ಪ. ಅದನ್ನೇ ಒಳಗೆ ಕಾಯಿಸಿದಾಗ ಮೂಗು, ಗಂಟಲು, ತುಟಿ ಒಣಗುತ್ತವೆ, ಎರಡನೆಯ ದಿನದ ಹೊತ್ತಿಗೆ ಮೂಗಿನಲ್ಲಿ ರಕ್ತ ಬರುವುದೂ ಉಂಟು. ಮಲಗುವ ಮುನ್ನ ಮೂಗಿನ ಹೊಳ್ಳೆಯ ಅಂಚಿಗೆ ವ್ಯಾಸಲಿನ್, ಕೈಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ. ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ನೀರು ಕುಡಿಯುವುದನ್ನು ಕಡಿಮೆ ಮಾಡುವುದು ಹಿರಿಯರ ರೂಢಿ. ಇಲ್ಲಿ ಅದು ಸಲ್ಲದು. ಕೊಠಡಿಯ ಹೀಟರ್ ತಗ್ಗಿಸಿಕೊಂಡು ಇನ್ನೊಂದು ಕಂಬಳಿ ಕೇಳಿ ಹೊದ್ದರೆ ನಿದ್ದೆಯೂ ಚೆನ್ನಾಗಿ ಬರುತ್ತದೆ.

ಸ್ಟೇಷನ್ನಿನಲ್ಲಿ ಇಳಿದು ಓಡಾಡಲು ಮೂರು ಪದರ ಬಟ್ಟೆ ಬೇಕು: ಮೈಗಂಟಿದ ಥರ್ಮಲ್, ಅದರ ಮೇಲೆ ಉಣ್ಣೆಯ ಸ್ವೆಟರ್, ಮೇಲೆ ಗಾಳಿ ತೂರದ ಜಾಕೆಟ್. ಒಳಪದರಕ್ಕೆ ಹತ್ತಿಯ ಬನಿಯನ್ ಬೇಡ. ಅದು ಬೆವರು ಹೀರಿ ತಣ್ಣಗಾಗಿ ಮೈಗೆ ಅಂಟುತ್ತದೆ. ಟೋಪಿ ಕಿವಿ ಮುಚ್ಚಬೇಕು. ಬೂಟಿನೊಳಗೆ ಉಣ್ಣೆಯ ಕಾಲುಚೀಲ ಹಾಕಿದ ಮೇಲೂ ಬೆರಳು ಅಲ್ಲಾಡುವಷ್ಟು ಜಾಗವಿರಬೇಕು, ಬಿಗಿಯಾದರೆ ರಕ್ತ ಓಡದೆ ಬೇಗ ಮರಗಟ್ಟುತ್ತದೆ. ಗಾಳಿಯ ಹೊಡೆತ ಸೇರಿಸಿ ಲೆಕ್ಕ ಹಾಕುವ ಚಳಿಗೆ ಅಲ್ಲಿ ವಿಂಡ್‌ಚಿಲ್ ಎನ್ನುತ್ತಾರೆ. ಅದು ಮೈನಸ್ 28ರಿಂದ 39ರವರೆಗೆ ಇದ್ದರೆ ಬರಿಯ ಚರ್ಮ 10ರಿಂದ 30 ನಿಮಿಷದಲ್ಲಿ, ಮೈನಸ್ 40 ದಾಟಿದರೆ 5ರಿಂದ 10 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೂಗಿನ ತುದಿ, ಕೆನ್ನೆ ಬಿಳಚಿಕೊಂಡರೆ ಅದು ಸ್ವಂತಕ್ಕೆ ಗೊತ್ತಾಗುವುದಿಲ್ಲ. ಇಬ್ಬರೂ ಆಗಾಗ ಒಬ್ಬರ ಮುಖ ಒಬ್ಬರು ನೋಡಬೇಕು. ಬಿಳಚಿದ ಜಾಗವನ್ನು ಉಜ್ಜದೆ, ಬೆಚ್ಚಗಿನ ಅಂಗೈ ಒತ್ತಿ ಕೂಡಲೇ ಒಳಗೆ ಬನ್ನಿ.

ಬೋಗಿಯಿಂದ ಬೋಗಿಗೆ ದಾಟುವ ಜಾಗದಲ್ಲಿ ಹಿಮ ನುಗ್ಗಿ ನೆಲ ಜಾರುತ್ತದೆ. ಅಲ್ಲಿ ಬರಿಗಾಲು, ಹವಾಯಿ ಚಪ್ಪಲಿ ಎರಡೂ ಬೇಡ. ಕ್ಯಾಮೆರಾವನ್ನು ಹೊರಗಿದ್ದಾಗಲೇ ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ ಒಳಗೆ ತಂದು, ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಇಲ್ಲದಿದ್ದರೆ ಒಳಗಿನ ತೇವ ತಣ್ಣನೆಯ ಲೆನ್ಸ್ ಮೇಲೆ ನೀರಾಗುತ್ತದೆ. ಫೋನನ್ನು ಒಳಜೇಬಿನಲ್ಲಿ ಇಡಿ. ಚಳಿಗೆ ಬ್ಯಾಟರಿ ಏಕಾಏಕಿ ನಿಂತುಹೋಗುತ್ತದೆ.

ಊಟ

ಸ್ಲೀಪರ್ ಪ್ಲಸ್ ದರದಲ್ಲಿ ಮೂರು ಹೊತ್ತಿನ ಊಟವೂ ಸೇರಿದೆ. ಡೈನಿಂಗ್ ಕಾರಿನಲ್ಲಿ ಮಧ್ಯಾಹ್ನ ಮತ್ತು ರಾತ್ರಿ ಪಂಕ್ತಿಗಳಲ್ಲಿ ಬಡಿಸುತ್ತಾರೆ. ಯಾವ ಪಂಕ್ತಿ ಬೇಕೆಂದು ಸಿಬ್ಬಂದಿ ಬಂದು ಕೇಳುತ್ತಾರೆ. ಸಂಜೆ ಮೊದಲ ಪಂಕ್ತಿಯೇ ವಾಸಿ, ಬೇಗ ಮಲಗಬಹುದು. ಮೇಜು ನಾಲ್ಕು ಜನರದು, ಆದ್ದರಿಂದ ಎದುರಿಗೆ ಬೇರೊಂದು ಜೋಡಿ ಕೂರುತ್ತದೆ. ಮಾತು ಬೆಳೆಯುವುದು ಅಲ್ಲಿಯೇ, ಮುಜುಗರ ಬೇಡ.

ಸಸ್ಯಾಹಾರದ ಆಯ್ಕೆ ಇರುತ್ತದೆ. ಆದರೆ ಅವರ ಸಸ್ಯಾಹಾರದಲ್ಲಿ ಮೊಟ್ಟೆ ಇರಬಹುದು, ಸೂಪಿನ ನೀರು ಮಾಂಸ ಬೇಯಿಸಿದ್ದಿರಬಹುದು, ಸಿಹಿತಿಂಡಿಯಲ್ಲಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರಬಹುದು. ಟಿಕೆಟ್ ಮಾಡುವಾಗಲೇ ಏನು ತಿನ್ನುವುದಿಲ್ಲ ಎಂದು ಬಿಡಿಸಿ ಹೇಳಿ: ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ. ಮೀನನ್ನು ಬೇರೆಯಾಗಿ ಹೆಸರಿಸುವುದು ಮುಖ್ಯ. ರೈಲು ಹತ್ತಿದ ಮೇಲೆ ಮತ್ತೊಮ್ಮೆ ನೆನಪಿಸಿ. ಕಾಡಿನ ನಡುವೆ ಹೊಸ ಸಾಮಾನು ತರಲು ಅಡುಗೆಯವರಿಗೆ ಆಗುವುದಿಲ್ಲ.

ಎಲ್ಲ ಸರಿಯಿದ್ದರೂ ಮೂರನೆಯ ದಿನ ನಾಲಿಗೆ ಖಾರ ಕೇಳುತ್ತದೆ. ಚಟ್ನಿಪುಡಿ ನೂರು ಗ್ರಾಂ, ಪುಟ್ಟ ಶೀಶೆಯಲ್ಲಿ ಉಪ್ಪಿನಕಾಯಿ, ಕೋಡುಬಳೆ, ಒಗ್ಗರಣೆ ಹಾಕಿ ಒಣಗಿಸಿಟ್ಟ ಗೊಜ್ಜವಲಕ್ಕಿ ಮಿಶ್ರಣ ಒಂದು ಡಬ್ಬಿ. ಅವಲಕ್ಕಿಯನ್ನು ರವೆಯಂತೆ ತರಿತರಿಯಾಗಿ ಪುಡಿ ಮಾಡಿದ್ದರೆ ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಸಾಕು. ಬಿಸಿನೀರನ್ನು ಸ್ಕೈಲೈನ್ ಕಾರ್ ಎಂಬ ವಿರಾಮದ ಬೋಗಿಯಲ್ಲಿ ಕೇಳಿ ಪಡೆಯಿರಿ. ಕಾಫಿ, ಚಹಾ, ಹಣ್ಣು ಸ್ಲೀಪರ್ ಪ್ರಯಾಣಿಕರಿಗೆ ಪುಕ್ಕಟೆ. ಟಿಪ್ಸ್ ಕೊಡುವುದು ಅಲ್ಲಿನ ರೂಢಿ, ಸ್ವಲ್ಪ ಡಾಲರ್ ನೋಟು ಕೈಯಲ್ಲಿರಲಿ.

ಔಷಧಿ ಮತ್ತು ವಿಮೆ

ನಾಲ್ಕು ದಿನಕ್ಕಲ್ಲ, ಎಂಟು ದಿನಕ್ಕೆ ಸಾಕಾಗುವಷ್ಟು ಮಾತ್ರೆ ಕೈಚೀಲದಲ್ಲಿರಲಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಆಮೇಲೆ ಕರಗಿದರೂ ಉಪಯೋಗಕ್ಕೆ ಬಾರದು. ಅದನ್ನು ಚೆಕ್-ಇನ್ ಮಾಡಬೇಡಿ, ಕಿಟಕಿಯ ಗಾಜಿಗೆ ತಾಗಿಸಿಯೂ ಇಡಬೇಡಿ. ಕಾಡಿನ ನಡುವೆ ಯಾರಿಗಾದರೂ ಎದೆನೋವು ಬಂದರೆ ಆಂಬುಲೆನ್ಸ್ ಸಿಗಲು ಗಂಟೆಗಳೇ ಹಿಡಿಯಬಹುದು. ಇತ್ತೀಚೆಗೆ ಹೃದಯದ ಚಿಕಿತ್ಸೆ ಆದವರು ವೈದ್ಯರ ಒಪ್ಪಿಗೆಯಿಲ್ಲದೆ ಈ ದಾರಿ ಹಿಡಿಯಬಾರದು. ಭೇಟಿಗೆ ಬಂದವರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಅನ್ವಯಿಸುವುದಿಲ್ಲ. ಮಕ್ಕಳ ಬಳಿ ದೀರ್ಘಕಾಲ ಇರಲು ಅಪ್ಪ-ಅಮ್ಮಂದಿರಿಗೆ ಕೊಡುವ ಸೂಪರ್ ವೀಸಾದವರು ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್ ವಿಮೆ ಮಾಡಿಸಿಯೇ ಇರುತ್ತಾರೆ. ಸಾಧಾರಣ ವೀಸಾದವರು ಬೇರೆಯಾಗಿ ಮಾಡಿಸಿಕೊಳ್ಳಬೇಕು, ಹಳೆಯ ಕಾಯಿಲೆಗಳಿಗೆ ಅದು ಅನ್ವಯಿಸುತ್ತದೆಯೇ ಎಂದು ಓದಿ ನೋಡಬೇಕು.

ದಾರಿ

ಮೊದಲ ದಿನ ಬೆಳಿಗ್ಗೆ ಹೊರಟು ಸಂಜೆಯಾಗುವಷ್ಟರಲ್ಲಿ ಊರುಗಳು ಮುಗಿಯುತ್ತವೆ. ಎರಡನೆಯ ದಿನವಿಡೀ ಬಂಡೆ, ಪೈನ್ ಕಾಡು, ಬಿಳಿ ಕೆರೆಗಳು. ಅಂದು ಗಾಜಿನ ಗುಮ್ಮಟದ ಡೋಮ್ ಕಾರಿನಲ್ಲಿ ಜಾಗ ಸುಲಭವಾಗಿ ಸಿಗುತ್ತದೆ. ರಾತ್ರಿ ಅಲ್ಲಿ ದೀಪ ಆರಿಸಿರುತ್ತಾರೆ. ಮೋಡವಿಲ್ಲದಿದ್ದರೆ ನಕ್ಷತ್ರಗಳಿಗಾಗಿ ಒಂದು ಗಂಟೆ ಕೂರಲೇಬೇಕು, ಅದೃಷ್ಟವಿದ್ದರೆ ಉತ್ತರದ ಆಕಾಶದಲ್ಲಿ ಹಸಿರು ಬೆಳಕೂ ಕಾಣುತ್ತದೆ.

ಆ ಸಂಜೆ ಬರುವ ವಿನ್ನಿಪೆಗ್‌ನಲ್ಲಿ ರೈಲು ಹೆಚ್ಚು ಹೊತ್ತು ನಿಲ್ಲುತ್ತದೆ. ಸ್ಟೇಷನ್ನಿನಿಂದ ಐದು ನಿಮಿಷದ ನಡಿಗೆಯಲ್ಲಿ 'ದಿ ಫೋರ್ಕ್ಸ್' ಮಾರುಕಟ್ಟೆ ಇದೆ. ಆದರೆ ರೈಲು ತಡವಾಗಿದ್ದರೆ ಈ ನಿಲುಗಡೆಯನ್ನೇ ಮೊಟಕು ಮಾಡುತ್ತಾರೆ. ಹೊರಡುವ ಸಮಯವನ್ನು ಅಟೆಂಡೆಂಟ್ ಬಾಯಿಂದ ಕೇಳದೆ ಪ್ಲಾಟ್‌ಫಾರ್ಮ್ ಬಿಡಬೇಡಿ. ಮೂರನೆಯ ದಿನ ಬಯಲು. ಸ್ಯಾಸ್ಕಟೂನ್, ಎಡ್ಮಂಟನ್ ಎರಡರಲ್ಲೂ ಸ್ಟೇಷನ್ ಊರಿನಿಂದ ದೂರ, ಕಾಲಾಡಿಸಲು ಇಳಿಯಬಹುದು, ಅಷ್ಟೇ.

ನಾಲ್ಕನೆಯ ದಿನಕ್ಕೆ ಬೇಗ ಎದ್ದಿರಿ. ಜಾಸ್ಪರ್ ಬಿಟ್ಟ ಮೇಲೆ ರೈಲು 1,131 ಮೀಟರ್ ಎತ್ತರದ ಯೆಲ್ಲೋಹೆಡ್ ಕಣಿವೆದಾರಿ ದಾಟುತ್ತದೆ. ಆಮೇಲೆ ಬಲಗಡೆ ಮೌಂಟ್ ರಾಬ್ಸನ್, 3,954 ಮೀಟರ್, ಕೆನಡಾದ ರಾಕಿ ಪರ್ವತಗಳಲ್ಲೇ ಅತಿ ಎತ್ತರದ ಶಿಖರ. ಜಾಸ್ಪರ್‌ನಲ್ಲಿ ಎಲ್ಲರೂ ಇಳಿದು ಅಡ್ಡಾಡುವಾಗ ಒಬ್ಬರು ಹತ್ತು ನಿಮಿಷ ಮೊದಲೇ ಹತ್ತಿ ಡೋಮ್‌ನಲ್ಲಿ ಕುಳಿತರೆ ಜಾಗ ಸಿಗುತ್ತದೆ. ನೋಡಿದ ಮೇಲೆ ಬೇರೆಯವರಿಗೆ ಬಿಟ್ಟುಕೊಡಿ, ಗುಮ್ಮಟದಲ್ಲಿ ಇರುವುದು 24 ಕುರ್ಚಿ ಮಾತ್ರ.

ಐದನೆಯ ಬೆಳಿಗ್ಗೆ ವ್ಯಾಂಕೂವರ್‌ನ ಪೆಸಿಫಿಕ್ ಸೆಂಟ್ರಲ್ ಸ್ಟೇಷನ್. ಇಲ್ಲಿ ಹಿಮಕ್ಕಿಂತ ಮಳೆ ಹೆಚ್ಚು, ಕೊಡೆ ಚೀಲದ ಮೇಲ್ಭಾಗದಲ್ಲೇ ಇರಲಿ. ಚೆಕ್-ಇನ್ ಪೆಟ್ಟಿಗೆ ಬರಲು ಸ್ವಲ್ಪ ಹೊತ್ತು ಬೇಕು, ಚೀಟಿ ತೋರಿಸಿ ಪಡೆಯಿರಿ. ಎದುರಿನ ಉದ್ಯಾನ ದಾಟಿದರೆ ನಗರದ ಮೆಟ್ರೊ ಸ್ಕೈಟ್ರೇನ್‌ನ ಮೇನ್ ಸ್ಟ್ರೀಟ್–ಸೈನ್ಸ್ ವರ್ಲ್ಡ್ ನಿಲ್ದಾಣ. ವಿಮಾನ ನಿಲ್ದಾಣದ ಕಡೆ ಹೋಗುವವರು ವಾಟರ್‌ಫ್ರಂಟ್ ನಿಲ್ದಾಣದಲ್ಲಿ ಅದೇ ಮೆಟ್ರೊದ ಕೆನಡಾ ಲೈನಿಗೆ ಬದಲಿಸಬೇಕು. ನಾಲ್ಕು ಪೆಟ್ಟಿಗೆ ಇರುವವರು ಮಾತ್ರ ಬಾಗಿಲಲ್ಲೇ ಟ್ಯಾಕ್ಸಿ ಹಿಡಿಯುವುದು ಲೇಸು.